ಹುಲಿಕೆರೆ ಕೊಳದಲ್ಲಿ ಸಿಕ್ಕಿಬಿದ್ದ ರೆಫರಿ

ಮಾದಿಹಳ್ಳಿಯಲ್ಲಿರುವ ಅತ್ತೆಯ ತಂಗಿಯ ಮನೆಗೆ ಹೋಗಿಬರೋಣ ಎಂದು ನಾನಾಗಿಯೇ ಬಾಯಿಬಿಟ್ಟು ಹೇಳಿದ್ದು ಮದುವೆಯಾದ ಮೇಲೆ ಅದೇ ಮೊದಲು. ನಮ್ಮವರು ಊಟದ ತಟ್ಟೆಯಿಂದ ಮುಖವೆತ್ತಿ ನನ್ನನ್ನೇ ನೋಡಿದರು.

“ಮಾದಿಹಳ್ಳಿಗಾ? ನೀನಾ?”

“ಯಾಕೆ, ಹೋಗಬಾರದಾ? ಅತ್ತೆ ದಸರಾ ರಜೆಯಿಂದ ಕೇಳ್ತಾನೇ ಇದಾರೆ. ಹೋಗೋವಾಗ ಹಾಗೇ ಹುಲಿಕೆರೆ ಕೊಳಾನೂ ನೋಡ್ಕೊಂಡು ಹೋದ್ರಾಯ್ತು.”

“ಕೊಳದಲ್ಲಿ ನೋಡೋದೇನು ಕಣೇ? ನೀರಿರುತ್ತೆ, ಮೆಟ್ಟಿಲಿರುತ್ತೆ.”

“ಅದನ್ನೇ ನೋಡೋಣ.”

ಅತ್ತೆಗೆ ಕಾರಣ ಬೇಕಿರಲಿಲ್ಲ. ಆಗಲೇ ಎದ್ದು ತಂಗಿಗೆ ಒಯ್ಯಲು ಕೊಬ್ಬರಿ ಗಿಟುಕು ಆರಿಸತೊಡಗಿದ್ದರು. ನಮ್ಮವರು ಮಾತ್ರ ಮಜ್ಜಿಗೆ ಅನ್ನ ಮುಗಿಯುವವರೆಗೂ ನನ್ನನ್ನು ಓರೆಗಣ್ಣಿನಲ್ಲಿ ನೋಡುತ್ತಲೇ ಇದ್ದರು. ಅವರ ಅನುಮಾನ ಸರಿಯಾಗಿಯೇ ಇತ್ತು. ನಿಜವಾದ ಕಾರಣವನ್ನು ನಾನು ಅವರಿಗೆ ಹೇಳುವಂತಿರಲಿಲ್ಲ.

ಇದು ತೊಂಬತ್ತರ ದಶಕದ ಕೊನೆಯ ಮಾತು. ನಾನು ಅರಸೀಕೆರೆಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದೆ. ನಮ್ಮವರು ರೈಲ್ವೆ ಸ್ಟೇಷನ್ನಿನ ಬುಕಿಂಗ್ ಆಫೀಸಿನಲ್ಲಿದ್ದರು. ಆ ಊಟದ ಮಾತಿಗೆ ಕೆಲವು ದಿನ ಮುಂಚೆ ನನ್ನ ಹೆಸರಿಗೆ ದಪ್ಪನೆಯ ಕಂದು ಕವರೊಂದು ಬಂದಿತ್ತು. ಕೀಟಗಳ ಬಗ್ಗೆ ಲೇಖನ ಪ್ರಕಟಿಸುವ ಒಂದು ಸಣ್ಣ ಸಂಶೋಧನಾ ಪತ್ರಿಕೆಯಿಂದ. ಇಂಥ ಪತ್ರಿಕೆಗಳಲ್ಲಿ ಒಂದು ಪದ್ಧತಿಯಿದೆ. ಬಂದ ಲೇಖನವನ್ನು ಸಂಪಾದಕರು ನೇರವಾಗಿ ಅಚ್ಚಿಗೆ ಕೊಡುವುದಿಲ್ಲ. ಅದೇ ವಿಷಯ ಬಲ್ಲ ಇನ್ನೊಬ್ಬರಿಗೆ ಮೊದಲು ಕಳಿಸುತ್ತಾರೆ. ಅವರು ಓದಿ, ಹೇಳಿದ್ದರಲ್ಲಿ ಹುರುಳಿದೆಯೇ, ಆಧಾರ ಸಾಲುತ್ತದೆಯೇ, ಏನು ತಿದ್ದಬೇಕು ಎಂದು ಬರೆದು ಕಳಿಸಬೇಕು. ಹಾಗೆ ಓದುವವರನ್ನು ನಾವು ರೆಫರಿ ಅನ್ನುತ್ತಿದ್ದೆವು. ಬರೆದವರು ಯಾರೆಂದು ರೆಫರಿಗೆ ಗೊತ್ತಿರುವುದಿಲ್ಲ, ಓದಿದವರು ಯಾರೆಂದು ಬರೆದವರಿಗೆ ಗೊತ್ತಾಗಬಾರದು.

ರೆಫರಿಯಾಗಿ ನನಗೆ ಬಂದ ಮೊದಲ ಕವರು ಅದು. ಒಳಗೆ ಲೇಖನದ ಜೊತೆ ಸಂಪಾದಕರ ಒಂದು ಹಾಳೆಯಿತ್ತು. ಲೇಖನವನ್ನು ಯಾರಿಗೂ ತೋರಿಸಬೇಡಿ, ಅದರಲ್ಲಿರುವುದನ್ನು ನಿಮ್ಮ ಕೆಲಸಕ್ಕೆ ಬಳಸಬೇಡಿ, ಬರೆದವರ ಗುರುತು ಹತ್ತಿದರೆ ಅಥವಾ ಅವರ ಜೊತೆ ಯಾವುದೇ ಸಂಬಂಧವಿದ್ದರೆ ತಿಳಿಸಿ, ತಡ ಮಾಡಬೇಡಿ, ಕಟುವಾಗಿ ಬರೆಯಬೇಡಿ ಎಂದು. ನಾನು ಅದನ್ನು ಎಷ್ಟು ಸಲ ಓದಿದೆನೋ. ಬೀರುವಿನಲ್ಲಿ ರೇಷ್ಮೆ ಸೀರೆಯ ಮಡಿಕೆಯೊಳಗೆ ಕವರನ್ನು ಬಚ್ಚಿಟ್ಟೆ. ನಮ್ಮ ಮನೆಯಲ್ಲಿ ಅದಕ್ಕಿಂತ ಭದ್ರವಾದ ಜಾಗ ಇರಲಿಲ್ಲ.

ಇಷ್ಟು ಗಂಭೀರವಾಗಿ ತೆಗೆದುಕೊಳ್ಳಲು ಕಾರಣವಿತ್ತು. ನಮ್ಮ ಕೇರಿಯಿಂದ ಕಾಲೇಜಿನಲ್ಲಿ ಪಾಠ ಮಾಡುವ ಮಟ್ಟಕ್ಕೆ ಬಂದ ಮೊದಲ ಹೆಣ್ಣುಮಗಳು ನಾನು. ಹೊಸಬರು ಯಾರೇ ಪರಿಚಯವಾಗಲಿ, ಮೊದಲು ಹೆಸರು ಕೇಳುತ್ತಿದ್ದರು. ಆಮೇಲೆ ಊರು. ಆಮೇಲೆ ಊರಿನಲ್ಲಿ ಯಾವ ಕಡೆ ಮನೆ ಎಂದು. ಆ ಕೊನೆಯ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆ ಎದುರಿನವರ ಮಾತಿನ ಧಾಟಿ ಬದಲಾಗುವುದನ್ನು ನೋಡಿ ನೋಡಿ ನನಗೆ ಅಭ್ಯಾಸವಾಗಿತ್ತು. ಹೀಗಿರುವಾಗ ನಾನು ಅರಸೀಕೆರೆಯ ಕೆರೆಯ ಹುಳುಗಳ ಮೇಲೆ ನನ್ನ ಮೊದಲ ಲೇಖನ ಬರೆದು ಇದೇ ಪತ್ರಿಕೆಗೆ ಕಳಿಸಿದ್ದೆ. ಯಾರೋ ಒಬ್ಬ ರೆಫರಿ ಅದನ್ನು ಸಾಲು ಸಾಲಾಗಿ ಓದಿದ್ದರು. ನನ್ನ ಪಟ್ಟಿಯಲ್ಲಿ ಕೂಡಿದ್ದು ತಪ್ಪಿದ್ದನ್ನು ಪೆನ್ಸಿಲಿನಲ್ಲಿ ಸರಿಮಾಡಿದ್ದರು. ಕೊನೆಗೆ, ಇದು ಅಚ್ಚಾಗಲೇಬೇಕಾದ ಕೆಲಸ ಎಂದು ಬರೆದಿದ್ದರು. ಅವರಿಗೆ ನನ್ನ ಹೆಸರು ಗೊತ್ತಿರಲಿಲ್ಲ, ಹುಟ್ಟಿದ ಊರು ಗೊತ್ತಿರಲಿಲ್ಲ, ಮನೆ ಯಾವ ಕಡೆ ಎಂದು ಕೇಳುವ ದಾರಿಯೇ ಇರಲಿಲ್ಲ. ಅವರ ಮುಂದೆ ಇದ್ದದ್ದು ನನ್ನ ವಾಕ್ಯಗಳು ಮಾತ್ರ. ಆ ಹಾಳೆ ಹಿಡಿದುಕೊಂಡು ನಾನು ಸ್ಟಾಫ್ ರೂಮಿನಲ್ಲಿ ಒಬ್ಬಳೇ ನಕ್ಕಿದ್ದೆ. ಈಗ ಅದೇ ಕುರ್ಚಿ ನನಗೆ ಬಂದಿತ್ತು. ಅದರಲ್ಲಿ ಸರಿಯಾಗಿ ಕೂರಬೇಕು ಅನ್ನಿಸಿತ್ತು.

ಬಂದಿದ್ದ ಲೇಖನ ಏರೋಪ್ಲೇನ್ ಚಿಟ್ಟೆಯ ಬಗ್ಗೆ. ಮಕ್ಕಳು ಬಾಲಕ್ಕೆ ದಾರ ಕಟ್ಟಿ ಹಾರಿಸುತ್ತಾರಲ್ಲ, ಅದೇ ಜಾತಿಯದು. ಅದರಲ್ಲಿ ನೂರೆಂಟು ಬಗೆ. ಮೈ ಹಸಿರಾಗಿ ಹೊಳೆಯುವ, ರೆಕ್ಕೆಯ ತುದಿ ಮಸಿಯಲ್ಲಿ ಅದ್ದಿ ತೆಗೆದಂತಿರುವ ಒಂದು ಬಗೆ ಘಟ್ಟದ ತಂಪು ತೊರೆಗಳ ಪಕ್ಕದಲ್ಲಿ ಮಾತ್ರ ಕಾಣುತ್ತದೆ ಎಂದು ನಾವೆಲ್ಲ ಓದಿದ್ದೆವು. ಲೇಖನ ಬರೆದವರು ಅದು ಹಳೇಬೀಡಿನ ಹತ್ತಿರದ ಹುಲಿಕೆರೆಯ ಮೆಟ್ಟಿಲುಕೊಳದಲ್ಲಿ ವರ್ಷವರ್ಷವೂ ಕಾಣುತ್ತಿದೆ ಎಂದಿದ್ದರು. ಇಂಗ್ಲಿಷು ತಡವರಿಸುತ್ತಿತ್ತು. ಆದರೆ ನೋಡಿದ್ದನ್ನು ನೋಡಿದ ಹಾಗೆ ಬರೆದಿದ್ದರು.

ನನಗೆ ನಂಬಿಕೆ ಬರಲಿಲ್ಲ. ಹರಿಯುವ ನೀರಿನ ಚಿಟ್ಟೆ ನಿಂತ ನೀರಿನ ಕೊಳಕ್ಕೆ ಯಾಕೆ ಬರುತ್ತದೆ? ಗಾಳಿಗೆ ಸಿಕ್ಕಿ ಒಂದೆರಡು ಬಂದಿರಬಹುದು, ಅಥವಾ ಬೇರೆ ಚಿಟ್ಟೆಯನ್ನು ನೋಡಿ ಇದೇ ಅಂದುಕೊಂಡಿರಬಹುದು. ಹಾಗೆಂದು ಬರೆದು ತಿರಸ್ಕರಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಹುಲಿಕೆರೆ ನಮ್ಮೂರಿನಿಂದ ಬಸ್ಸಿನ ದೂರ. ಹೋಗಿ ನೋಡಬಹುದಾದದ್ದನ್ನು ಕೂತಲ್ಲೇ ಇಲ್ಲ ಅನ್ನುವುದು ಸರಿಕಾಣಲಿಲ್ಲ. ಅದಕ್ಕೇ ಮಾದಿಹಳ್ಳಿಯ ಚಿಕ್ಕತ್ತೆಯ ಮೇಲೆ ನನಗೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿದ್ದು.

ಭಾನುವಾರ ಬೆಳಿಗ್ಗೆ ಅತ್ತೆ ಬುದ್ಧನ ಪಟಕ್ಕೆ ದೀಪ ಹಚ್ಚಿ, ಕೊಬ್ಬರಿ ಚೀಲ ಕಂಕುಳಿಗೆ ಸಿಕ್ಕಿಸಿಕೊಂಡು ಎಲ್ಲರಿಗಿಂತ ಮೊದಲು ಬಾಗಿಲಲ್ಲಿ ನಿಂತಿದ್ದರು. ಜಾವಗಲ್ಲಿನ ಮೇಲೆ ಬಸ್ಸು ಹಳೇಬೀಡು ಸೇರುವ ಹೊತ್ತಿಗೆ ಮಂಜು ಕರಗಿ ಒಳ್ಳೆ ಬಿಸಿಲು ಬಂದಿತ್ತು. ರಸ್ತೆಯ ಎರಡೂ ಕಡೆ ರಾಗಿ ಕೊಯ್ಲಿಗೆ ಬಂದಿತ್ತು. ಹಳೇಬೀಡಿನಲ್ಲಿ ಆಟೋ ಹಿಡಿದು ಹುಲಿಕೆರೆಗೆ ಹೋದೆವು.

ಕೊಳ ಊರೊಳಗೇ ಇದೆ. ಸುತ್ತಲೂ ಕಲ್ಲಿನ ಮೆಟ್ಟಿಲು, ಮೆಟ್ಟಿಲ ಮೇಲೆ ಪುಟ್ಟ ಪುಟ್ಟ ಗುಡಿಗಳು, ನಡುವೆ ಹಸಿರು ನೀರು. ಅತ್ತೆ ಬಿಸಿಲಿರುವ ಮೆಟ್ಟಿಲು ಆರಿಸಿ ಕೂತು ಎಲೆಯಡಿಕೆ ಚೀಲ ಬಿಚ್ಚಿದರು. ನಮ್ಮವರು ಬುಕಿಂಗ್ ಆಫೀಸಿನ ಗಡಿಯಾರ ನೋಡಿದ ಹಾಗೆ ಕೈಗಡಿಯಾರ ನೋಡಿಕೊಂಡರು. ನಾನು ಸೀರೆಯ ನೆರಿಗೆ ಎತ್ತಿ ಹಿಡಿದು ನೀರಿನ ಅಂಚಿಗೆ ಇಳಿದೆ.

ಕೆಂಪು ಚಿಟ್ಟೆಗಳಿದ್ದವು, ಹಳದಿಯವಿದ್ದವು. ಅವು ಎಲ್ಲ ಕೆರೆಯಲ್ಲೂ ಇರುವಂಥವೇ. ಒಂದು ಸುತ್ತು ಬಂದು, ಇಲ್ಲ ಅಂದುಕೊಳ್ಳುವಷ್ಟರಲ್ಲಿ ನೆರಳಿದ್ದ ಒಂದು ಮೂಲೆಯ ಕಲ್ಲಿನ ಮೇಲೆ ಏನೋ ಮಿಂಚಿತು. ಹಸಿರು ಮೈ. ಮಡಿಸಿದ ರೆಕ್ಕೆ ಒಮ್ಮೆ ಬಿಚ್ಚಿ ಮುಚ್ಚಿತು. ತುದಿಯಲ್ಲಿ ಕಪ್ಪು.

“ಅಯ್ಯಯ್ಯೋ!” ಎಂದು ಕೂಗಿಬಿಟ್ಟೆ.

ನಮ್ಮವರು ಓಡಿಬಂದರು. “ಏನಾಯ್ತು? ಹಾವಾ?”

“ಅಲ್ಲ ರೀ, ಅಲ್ನೋಡಿ, ಅಲ್ನೋಡಿ!”

ಅವರು ನೋಡಿದರು. ನನ್ನ ಮುಖವನ್ನೂ ನೋಡಿದರು. “ಚಿಟ್ಟೆ. ಅದಕ್ಕೆ ಇಷ್ಟೊಂದು ಸಂಭ್ರಮವಾ? ಅಷ್ಟು ಅಪರೂಪದ್ದಾದ್ರೆ ಅದರ ಬಗ್ಗೆ ನೀನೇ ಏನಾದ್ರೂ ಬರಿಬಹುದಲ್ಲ ಕಣೇ. ಕ್ಯಾಮೆರಾನೂ ತಂದಿದ್ದೀನಿ, ಒಂದು ಫೋಟೋ ತಗೋ.”

“ಬೇಡ. ನಾನು ಬರೆಯಲ್ಲ.”

“ಯಾಕೆ?”

“ಬರೆಯಲ್ಲ ಅಂದ್ರೆ ಬರೆಯಲ್ಲ.”

ಅವರು ಬುಕಿಂಗ್ ಕಿಟಕಿಯಲ್ಲಿ ಚಿಲ್ಲರೆ ಇಲ್ಲದೆ ನಿಂತವರನ್ನು ನೋಡುವ ಹಾಗೆ ನನ್ನನ್ನು ನೋಡಿ, ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡರು. ಅಷ್ಟರಲ್ಲಿ ಮೇಲಿನಿಂದ ಒಂದು ದನಿ ಕೇಳಿಸಿತು.

“ಮೇಡಂ, ನಿಮಗೂ ಕಾಣಿಸ್ತಾ? ನೋಡಿದ್ರಾ, ಬಾಲ ಹೆಂಗೆ ಹೊಳೀತದೆ!”

ಪ್ಯಾಂಟು ಮೊಣಕಾಲಿನವರೆಗೆ ಮಡಿಚಿಕೊಂಡಿದ್ದ ದಪ್ಪನೆಯ ಒಬ್ಬರು ಮೆಟ್ಟಿಲು ಇಳಿದು ಬರುತ್ತಿದ್ದರು. ವಯಸ್ಸು ನಲವತ್ತು ದಾಟಿತ್ತು. ಹೆಗಲಲ್ಲಿ ಬಟ್ಟೆಚೀಲ, ಮುಖದ ತುಂಬಾ ನಗು. ಬಿಕ್ಕೋಡಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ಎಂದು ತಾವೇ ಹೇಳಿಕೊಂಡರು. ಹಳೇಬೀಡಿನಲ್ಲಿ ಅಕ್ಕನ ಮನೆ, ಬಂದಾಗಲೆಲ್ಲ ಈ ಕೊಳಕ್ಕೆ ಬಂದು ಹೋಗುವುದು ರೂಢಿ.

“ಇದು ನಮ್ಮ ಬಿಕ್ಕೋಡು ಕಡೆ ತೋಟದ ಹಳ್ಳದಲ್ಲಿ ಇರೋ ಚಿಟ್ಟೆ ಸಾರ್,” ಎಂದು ನಮ್ಮವರಿಗೆ ವಿವರಿಸಿದರು. “ಇಲ್ಲಿ ಐತೆ ಅಂದ್ರೆ ಯಾರೂ ನಂಬಲ್ಲ. ನಾನು ಇದರ ಮೇಲೆ ಇಂಗ್ಲಿಷಲ್ಲಿ ಒಂದು ಲೇಖನಾನೇ ಬರೆದು ಪತ್ರಿಕೆಗೆ ಕಳಿಸಿದ್ದೀನಿ.”

ಬೀರುವಿನೊಳಗಿನ ಲೇಖನಕ್ಕೆ ಈಗ ಮುಖ ಬಂದಿತ್ತು, ಮೀಸೆ ಬಂದಿತ್ತು.

ನಮ್ಮವರಿಗೆ ಖುಷಿಯೋ ಖುಷಿ. “ಓಹೋ! ನಮ್ಮ ಮನೆಯವರೂ ಪ್ರಾಣಿಶಾಸ್ತ್ರದ ಲೆಕ್ಚರರ್ರು ಸಾರ್. ಇವರದ್ದೂ ಲೇಖನ ಅಚ್ಚಾಗಿದೆ.”

“ಹೌದಾ ಮೇಡಂ? ಅಯ್ಯೋ, ದೇವರು ಸಿಕ್ಕಿದ ಹಾಗಾಯ್ತು. ಕಳಿಸಿ ವಾರಗಟ್ಟಲೆ ಆಯ್ತು, ಉತ್ತರಾನೇ ಇಲ್ಲ. ಯಾರೋ ಓದೋಕೆ ಇಸ್ಕೊಂಡವರು ಅದರ ಮೇಲೆ ಕೂತ್ಕೊಂಡವರೆ ಅಂತ ಕಾಣ್ತದೆ.”

“ಹಾಗೇನಿರಲ್ಲ,” ಎಂದೆ.

“ಕಾಪಿ ಚೀಲದಲ್ಲೇ ಐತೆ. ನೀವೊಂದು ಸಲ ಕಣ್ಣು ಹಾಯಿಸಿ ತಪ್ಪು ಒಪ್ಪು ಹೇಳಿದ್ರೆ…”

“ಬೇಡ! ತೆಗೀಬೇಡಿ!”

ಮೇಷ್ಟ್ರ ಕೈ ಚೀಲದೊಳಗೇ ನಿಂತಿತು. ನಮ್ಮವರ ಬಾಯಿ ತೆರೆದೇ ಇತ್ತು. ನಾನು ಏನಾದರೂ ಹೇಳಲೇಬೇಕಿತ್ತು. “ಅಂದ್ರೆ… ಪತ್ರಿಕೆಗೆ ಕಳಿಸಿರೋದನ್ನ ಬೇರೆಯವರಿಗೆ ತೋರಿಸಬಾರದು. ನನಗೆ ಅದರ ಬಗ್ಗೆ ಏನೂ ಹೇಳಬೇಡಿ. ದಯವಿಟ್ಟು.”

“ಬರೆದವರು ತೋರಿಸಬಾರದು ಅಂತ ಎಲ್ಲೈತೆ ಮೇಡಂ?” ಮೇಷ್ಟ್ರು ಪಾಪ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದರು.

ಎಲ್ಲೂ ಇರಲಿಲ್ಲ. ನಾನು ಸೀರೆಯ ನೆರಿಗೆ ಸರಿಮಾಡಿಕೊಂಡೆ.

ಅವರು ಬೇಸರ ತೋರಿಸಲಿಲ್ಲ. ಲೇಖನ ಬೇಡವಾದರೆ ಚಿಟ್ಟೆಯನ್ನೇ ನೋಡಿ ಎಂದು ನೆರಳಿನ ಮೂಲೆಗೆ ಕರೆದರು. ಅಲ್ಲಿ ಎರಡು ಕಲ್ಲಿನ ಸಂದಿಯಿಂದ ನೀರು ಸಣ್ಣಗೆ ಜಿನುಗಿ ಕೊಳಕ್ಕೆ ಇಳಿಯುತ್ತಿತ್ತು. ಇಡೀ ಕೊಳದಲ್ಲಿ ನೀರು ಹರಿಯುವ ಜಾಗ ಅದೊಂದೇ. ನಾನು ತಡೆಯುವ ಮೊದಲೇ ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಬಿಚ್ಚಿದರು. ಒಳಗೆ ಹತ್ತಿಯ ಮೇಲೆ ಒಣಗಿದ, ಗಾಜಿನಂಥ ಪೊರೆಗಳು.

“ಇವು ಈ ಕಲ್ಲಿಗೇ ಅಂಟ್ಕೊಂಡಿರ್ತವೆ. ಮರಿ ನೀರಿಂದ ಮೇಲಕ್ಕೆ ಹತ್ತಿ ಪೊರೆ ಬಿಟ್ಟು ಹಾರಿ ಹೋಗ್ತದಲ್ಲ, ಅದು. ಸುಮ್ನೆ ಹುಡುಗರಿಗೆ ತೋರ್ಸೋಕೆ ಇಟ್ಕೊಂಡೀನಿ. ಲೇಖನದಲ್ಲಿ ಬರೀಲಿಲ್ಲ. ಚಿಟ್ಟೆ ಬಿಟ್ಟೋದ ಕಸ ತಾನೇ?”

ಕಸವಲ್ಲ! ಅದೇ ಎಲ್ಲ! ಗಾಳಿಗೆ ಬಂದ ಚಿಟ್ಟೆ ಪೊರೆ ಬಿಡುವುದಿಲ್ಲ. ಪೊರೆ ಇದೆ ಅಂದರೆ ಅದು ಇಲ್ಲಿಯೇ ಹುಟ್ಟಿ ಬೆಳೆದದ್ದು. ನನ್ನ ಅನುಮಾನಕ್ಕೆಲ್ಲ ಉತ್ತರ ಆ ಬೆಂಕಿಪೊಟ್ಟಣದಲ್ಲಿತ್ತು, ಅದನ್ನು ಅವರು ಬರೆದೇ ಇರಲಿಲ್ಲ. ಇದನ್ನು ಬರೀರಿ ಮೇಷ್ಟ್ರೇ ಎಂದು ಕೂಗುವ ಆಸೆಯಾಯಿತು. ಕೂಗಲಿಲ್ಲ. ರೆಫರಿಯಾಗಿ ನಾನು ಅವರ ಜೊತೆ ಮಾತಾಡುವಂತಿಲ್ಲ. ರೆಫರಿ ಅಲ್ಲದವಳ ಹಾಗೆ ಸಲಹೆ ಕೊಟ್ಟು, ಆಮೇಲೆ ಅದೇ ಲೇಖನಕ್ಕೆ ನಾನೇ ಅಂಕ ಹಾಕುವುದು ಇನ್ನೂ ಕೆಟ್ಟದ್ದು. “ಚೆನ್ನಾಗಿದೆ,” ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿದೆ.

ಹಿಂದಿನಿಂದ ನಮ್ಮವರು ಮೇಷ್ಟ್ರಿಗೆ ಸಮಾಧಾನ ಹೇಳುತ್ತಿದ್ದುದು ಕೇಳಿಸಿತು. “ಬಿಸಿಲಿಗೆ ಸ್ವಲ್ಪ ತಲೆನೋವು ಬರುತ್ತೆ ಸಾರ್ ಅವರಿಗೆ.”

ನನ್ನ ಮುಖ ನೋಡಿದ ಅತ್ತೆ ಏನೋ ಕೊರತೆಯಾಗಿದೆ ಎಂದು ತಿಳಿದರು. ಅವರ ಪ್ರಕಾರ ಯಾವ ಕೊರತೆಗೂ ಊಟವೇ ಮದ್ದು. ಮೇಷ್ಟ್ರ ಕಡೆ ತಿರುಗಿ ಹೇಳಿದರು. “ನಮ್ ಜೊತೆ ಮಾದಿಹಳ್ಳಿಗೆ ಬನ್ನಿ ಮೇಷ್ಟ್ರೇ. ತಂಗಿ ಅಡಿಗೆ ಮಾಡಿರ್ತಾಳೆ. ಕಾಲೋನೀಲಿ ಮನೆ ಐತೆ.” ಎಲೆಯಡಿಕೆ ಚೀಲ ಕಟ್ಟುತ್ತಾ ಮೆಲ್ಲಗೆ ಕೇಳಿದರು. “ನಮ್ಮನೆ ಊಟ ಆಯ್ತದಾ ನಿಮಗೆ?”

“ಏನವ್ವಾ ಹಿಂಗಂತೀಯ? ಸಾರು ಏನು ಅಷ್ಟು ಹೇಳು.”

“ಅವರೆಕಾಳು.”

“ನಡಿ ಹಂಗಾದ್ರೆ.”

ಅತ್ತೆಯ ಮುಖ ಅರಳಿದ್ದನ್ನು ನಾನು ಮರೆಯುವ ಹಾಗಿಲ್ಲ. ಆದರೆ ನನ್ನ ಪಾಡು ಕೇಳಬೇಡಿ. ಬರೆದವರ ಗುರುತು ಹತ್ತಿದ್ದಷ್ಟೇ ಅಲ್ಲ, ಅವರ ಪಕ್ಕದಲ್ಲಿ ಕೂತು ಮುದ್ದೆ ಮುರಿಯುವ ಹೊತ್ತು ಬಂದಿತ್ತು. ಚಿಕ್ಕತ್ತೆ ಬಡಿಸುವ ಸೌಟನ್ನು ನನ್ನ ಕೈಗೇ ಕೊಟ್ಟರು. ಮೇಷ್ಟ್ರಿಗೆ ಸಾರು ಹಾಕುವಾಗ ಜಾಸ್ತಿ ಹಾಕಿದರೆ ಪಕ್ಷಪಾತವೋ, ಕಡಿಮೆ ಹಾಕಿದರೆ ಪಕ್ಷಪಾತವೋ ಎಂದು ಯೋಚಿಸುತ್ತಾ ನಿಂತೆ. “ಹಾಕಮ್ಮ, ಏನ್ ನೋಡ್ತೀಯ!” ಎಂದು ಚಿಕ್ಕತ್ತೆ ಗದರಿದರು. ಮೇಷ್ಟ್ರು ಎರಡು ಸಲ ಹಾಕಿಸಿಕೊಂಡು, ಬಿಕ್ಕೋಡಿನ ತೋಟದ ಕೆಲಸದವರ ಮಕ್ಕಳು ಸ್ಕೂಲಿಗೆ ತರುವ ಹುಳುಗಳ ಕಥೆ ಹೇಳಿ ಎಲ್ಲರನ್ನೂ ಹೊಟ್ಟೆ ಹಿಡಿದು ನಗಿಸಿದರು. ಹೊರಡುವಾಗ ಅಕ್ಕನಿಗೆಂದು ತಂದಿದ್ದ ಕಾಫಿಪುಡಿಯಲ್ಲಿ ಅರ್ಧವನ್ನು ಕಾಗದದಲ್ಲಿ ಕಟ್ಟಿ ಅತ್ತೆಯ ಕೈಗಿಟ್ಟರು.

ವಾಪಸ್ ಬಸ್ಸಿನಲ್ಲಿ ಜಾವಗಲ್ ದಾಟಿದ ಮೇಲೆ ನಮ್ಮವರು ಹೇಳಿದರು. “ಅಷ್ಟು ಒಳ್ಳೆ ಮನುಷ್ಯ. ಒಂದು ಕಾಗದ ಓದಿಕೊಡು ಅಂದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ಕಾರಣ ಇದೆ. ಕೇಳಬೇಡಿ.”

“ಗಂಡನಿಗೂ ಹೇಳಬಾರದ ಕಾರಣವಾ?”

“ಹೂಂ.”

ಅವರು ಕಿಟಕಿ ಕಡೆ ತಿರುಗಿ ಕೂತರು.

ಮಾರನೇ ದಿನವೇ ಸಂಪಾದಕರಿಗೆ ಕಾಗದ ಬರೆದೆ. ಕೊಳಕ್ಕೆ ಹೋದದ್ದು, ಚಿಟ್ಟೆ ಕಂಡದ್ದು, ಬರೆದವರೇ ಎದುರಾದದ್ದು, ನಾನು ರೆಫರಿ ಎಂದು ಬಾಯಿಬಿಡದೆ ಇದ್ದದ್ದು, ಬೆಂಕಿಪೊಟ್ಟಣದ ಪೊರೆ, ಅವರೆಕಾಳು ಸಾರು, ಎಲ್ಲವನ್ನೂ. ಕೊನೆಗೆ ಕಾಫಿಪುಡಿಯನ್ನೂ ಬರೆದೆ. ಈ ಲೇಖನದ ಬಗ್ಗೆ ತೀರ್ಪು ಕೊಡುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ನೀವೇ ಹೇಳಿ ಎಂದು ಕೇಳಿದೆ.

ಉತ್ತರ ಬರುವವರೆಗೆ ಆ ಕಾಫಿಪುಡಿ ಮುಟ್ಟುವುದಿಲ್ಲ ಎಂದು ತೀರ್ಮಾನಿಸಿದ್ದೆ. ಅದೇ ಕಷ್ಟದ ಕೆಲಸವಾಯಿತು. ತೋಟದಿಂದ ನೇರ ಬಂದ ಪುಡಿ. ಅತ್ತೆ ಬೆಳಿಗ್ಗೆ ಡಿಕಾಕ್ಷನ್ ಇಳಿಸಿದರೆ ಬೀದಿಗೆಲ್ಲ ಪರಿಮಳ. ನಾನು ಬಿಸಿನೀರು ಕುಡಿಯುತ್ತಿದ್ದೆ.

“ಯಾಕೆ, ಕಾಫಿ ಬೇಡವಾ?” ಎಂದು ನಮ್ಮವರು ಕೇಳುವರು.

“ಹೊಟ್ಟೆ ಸರಿಯಿಲ್ಲ.”

“ದಿನಾನೂವಾ?”

ಅತ್ತೆ ಮಾತ್ರ ಬೇರೆಯೇ ಲೆಕ್ಕ ಹಾಕಿ ಓಣಿಯ ಹೆಂಗಸರ ಹತ್ತಿರ ಶುಭ ಸುದ್ದಿ ಇರಬಹುದು ಎಂದು ಹೇಳಿಬಿಟ್ಟಿದ್ದರಂತೆ. ಪಕ್ಕದ ಮನೆಯವರು ಮಾವಿನಕಾಯಿ ಉಪ್ಪಿನಕಾಯಿ ತಂದುಕೊಟ್ಟಾಗ ನನಗೆ ಅದು ಗೊತ್ತಾಗಿ, ಅತ್ತೆಯನ್ನು ಕೂರಿಸಿ, ಅಂಥದ್ದೇನೂ ಇಲ್ಲ ಎಂದು ಬಿಡಿಸಿ ಹೇಳಬೇಕಾಯಿತು. ಉಪ್ಪಿನಕಾಯಿ ವಾಪಸ್ ಕೊಡಲಿಲ್ಲ, ಚೆನ್ನಾಗಿತ್ತು.

ಸಂಪಾದಕರ ಉತ್ತರ ಬಂತು. ವಯಸ್ಸಾದ ಪ್ರೊಫೆಸರು, ನಾನು ಆಗಿನ್ನೂ ಅವರನ್ನು ನೋಡಿರಲಿಲ್ಲ. ಅಚ್ಚುಕಟ್ಟಾದ ಸಣ್ಣ ಅಕ್ಷರದಲ್ಲಿ ಬರೆದಿದ್ದರು. ನೀವು ತಿಳಿಸಿದ್ದು ಸರಿಯಾಯಿತು, ಸ್ವೀಕರಿಸಬೇಕೋ ಬೇಡವೋ ಎಂಬ ತೀರ್ಮಾನವನ್ನು ನಾನು ಬೇರೊಬ್ಬರಿಂದ ಕೇಳುತ್ತೇನೆ, ಆದರೆ ಲೇಖನವನ್ನು ಉತ್ತಮಪಡಿಸುವ ಪ್ರಶ್ನೆಗಳು ನಿಮ್ಮಲ್ಲಿದ್ದರೆ ಬರೆದು ಕಳಿಸಿ, ಕೇಳಬೇಕಾದ ಪ್ರಶ್ನೆಯನ್ನು ಕೇಳದೆ ಬಿಡುವುದು ಬರೆದವರಿಗೂ ಓದುವವರಿಗೂ ಅನ್ಯಾಯ ಎಂದು. ಕೆಳಗೆ ಇನ್ನೊಂದು ಸಾಲು. ಕಾಫಿಪುಡಿಯ ಬಗ್ಗೆ ನಮ್ಮಲ್ಲಿ ನಿಯಮವಿಲ್ಲ, ಲೇಖನದ ವಿಷಯ ಇತ್ಯರ್ಥವಾದ ಮೇಲೆ ಕುಡಿದರೆ ಯಾರ ಆಕ್ಷೇಪವೂ ಇರಲಾರದು, ತೋಟದ ಕಾಫಿ ಹೇಗಿರುತ್ತದೆ ಎಂದು ಆಮೇಲೆ ನನಗೂ ತಿಳಿಸಿ.

ಅಂದೇ ಸಂಜೆ ವರದಿ ಬರೆಯಲು ಕೂತೆ. ಮೊದಲು ಲೇಖನದಲ್ಲಿ ಏನು ಚೆನ್ನಾಗಿದೆ ಎಂದು ಬರೆದೆ, ಯಾಕೆಂದರೆ ನನ್ನ ರೆಫರಿ ಹಾಗೆ ಮಾಡಿದ್ದರು. ಇಂಗ್ಲಿಷಿನ ತೊಡಕುಗಳನ್ನು ಇಂತಿಂಥ ಸಾಲಿನಲ್ಲಿ ಹೀಗೆ ತಿದ್ದಬಹುದು ಎಂದು ತೋರಿಸಿದೆ. ಆಮೇಲೆ ಕೇಳಿದೆ. ಇದು ಹರಿಯುವ ನೀರಿನ ಚಿಟ್ಟೆಯಾದ್ದರಿಂದ ಕೊಳದಲ್ಲಿ ನೀರು ಜಿನುಗುವ ಮೂಲೆ ಏನಾದರೂ ಇದೆಯೇ? ಮರಿಗಳು ಬಿಟ್ಟ ಪೊರೆ ಸಿಕ್ಕಿದೆಯೇ? ಸಿಕ್ಕಿದ್ದರೆ ಅದೇ ಈ ಲೇಖನದ ಮುಖ್ಯ ಆಧಾರ, ವಿವರವಾಗಿ ಬರೆಯಬೇಕು. ಕೊನೆಗೆ, ಅರಸೀಕೆರೆಯ ಕೆರೆಯ ಹುಳುಗಳ ಮೇಲೆ ಈಗಾಗಲೇ ಬಂದಿರುವ ಒಂದು ಲೇಖನವನ್ನು ಉಲ್ಲೇಖಿಸುವುದು ಒಳ್ಳೆಯದು ಎಂದೂ ಬರೆದೆ. ಬರೆದ ಮೇಲೆ ಓದಿಕೊಂಡೆ. ಆ ಲೇಖನ ನನ್ನದೇ. ಇವರ ಚಿಟ್ಟೆಗೂ ನನ್ನ ಹುಳುಗಳಿಗೂ ಸಂಬಂಧವೇ ಇರಲಿಲ್ಲ. ನಗು ಬಂತು. ಆ ಸಾಲು ಹೊಡೆದುಹಾಕಿ, ಇಡೀ ಪುಟ ಮತ್ತೆ ಚೊಕ್ಕಟವಾಗಿ ಬರೆದೆ.

ಮುಂದಿನ ಮಳೆಗಾಲಕ್ಕೆ ಮೊದಲೇ ಲೇಖನ ಅಚ್ಚಾಯಿತು. ನನಗೆ ಅದು ತಿಳಿದದ್ದು ಮೇಷ್ಟ್ರ ಬಾಯಿಂದಲೇ. ಅವರು ಒಂದು ಶನಿವಾರ ಮಧ್ಯಾಹ್ನ ನಮ್ಮ ವಿಳಾಸ ಹುಡುಕಿಕೊಂಡು ಅರಸೀಕೆರೆಗೆ ಬಂದರು. ಕೈಯಲ್ಲಿ ಅಚ್ಚಾದ ಹಾಳೆಗಳು, ಜೊತೆಗೆ ಇನ್ನೊಂದು ಪೊಟ್ಟಣ ತೋಟದ ಕಾಫಿಪುಡಿ, ಮುಖದಲ್ಲಿ ಮದುವೆ ಮನೆಯ ಕಳೆ. ನಡುಮನೆಯಲ್ಲಿ ಕೂತು, ಅತ್ತೆ ಕೊಟ್ಟ ನೀರು ಗಟಗಟ ಕುಡಿದು ಹೇಳತೊಡಗಿದರು.

“ಯಾರೋ ಪುಣ್ಯಾತ್ಮರು ಓದವರೆ ಮೇಡಂ. ಎಂಥಾ ಓದು ಅಂತೀರಿ! ನನ್ನ ಇಂಗ್ಲಿಷು ಸಾಲು ಸಾಲು ತಿದ್ದವರೆ. ಪೊರೆ ಸಿಕ್ಕಿದೆಯಾ ಅಂತ ಕೇಳವರೆ! ನಾನು ಕಸ ಅಂದ್ಕೊಂಡಿದ್ದನ್ನ ಅವರು ಅದೇ ಮುಖ್ಯ ಅಂದ್ರು. ನೋಡಿ, ಕೊನೇಲಿ ವಂದನೆ ಬರೆದೀನಿ, ಹೆಸರು ತಿಳಿಯದ ರೆಫರಿಯವರಿಗೆ ಅಂತ.”

ನಾನು ವಂದನೆಯ ಸಾಲನ್ನು ನೋಡಿದೆ. ಕಣ್ಣು ಮಂಜಾಯಿತು. “ಬಹಳ ಸಂತೋಷ,” ಎಂದೆ.

ನಮ್ಮವರು ಮೊದಲು ನನ್ನ ಕಡೆ ಗೆದ್ದವರ ನೋಟ ಬೀರಿದರು, 'ನೋಡು, ನೀನು ಓದದಿದ್ದರೆ ಓದುವವರು ಇದ್ದೇ ಇದ್ದರು' ಎನ್ನುವ ಹಾಗೆ. ಆಮೇಲೆ ಏನೋ ಹೊಳೆದಂತೆ ಆ ನೋಟ ಅಲ್ಲೇ ನಿಂತಿತು. ಪೊರೆ. ಬೆಂಕಿಪೊಟ್ಟಣ. 'ಕಾರಣ ಇದೆ, ಕೇಳಬೇಡಿ.' ಬಿಸಿನೀರು. ಒಂದೊಂದಾಗಿ ಅವರ ಮುಖದ ಮೇಲೆ ಟಿಕೆಟ್ಟಿನ ಹಾಗೆ ಅಚ್ಚಾಗುತ್ತಾ ಹೋದದ್ದನ್ನು ನಾನು ನೋಡಿದೆ. ಬಾಯಿ ತೆರೆದರು. ಮೇಷ್ಟ್ರನ್ನು ನೋಡಿ ಮುಚ್ಚಿಕೊಂಡರು. ಕಾಫಿಪುಡಿ ಪೊಟ್ಟಣ ಎತ್ತಿಕೊಂಡು ಒಳಗೆ ಹೋದರು. ಅಡಿಗೆಮನೆಯೊಳಗೆ ಪಾತ್ರೆಯ ಸದ್ದು. ಸ್ವಲ್ಪ ಹೊತ್ತಿಗೆ ತಾವೇ ಕಾಫಿ ಮಾಡಿಕೊಂಡು ಬಂದು, ಮೇಷ್ಟ್ರಿಗೆ ಒಂದು ಲೋಟ ಕೊಟ್ಟು, ಇನ್ನೊಂದನ್ನು ನನ್ನ ಮುಂದೆ ಇಟ್ಟರು.

“ಹೊಟ್ಟೆ ಈಗ ಸರಿಹೋಗಿರಬೇಕಲ್ಲ?”

“ಹೋಗಿದೆ,” ಎಂದೆ. ಕುಡಿದೆ. ಅಂಥ ಕಾಫಿ ಆಮೇಲೆ ಕುಡಿದಿಲ್ಲ.

ಅವತ್ತಿನಿಂದ ನಮ್ಮವರು ನನಗಿಂತ ದೊಡ್ಡ ಕಾವಲುಗಾರರಾದರು. ಕಂದು ಕವರು ಬಂದರೆ ಸಾಕು, ಅದನ್ನು ಪೇಪರಿನಲ್ಲಿ ಸುತ್ತಿ ತಂದು ಕೈಗಿಡುತ್ತಿದ್ದರು. ನಾನು ಓದುವಾಗ ಯಾರಾದರೂ ಬಂದರೆ ಬಾಗಿಲಲ್ಲೇ ನಿಲ್ಲಿಸಿ ಹವಾಮಾನ ಮಾತಾಡುತ್ತಿದ್ದರು. ಒಮ್ಮೆ ಪೋಸ್ಟ್‌ಮ್ಯಾನಿಗೂ ಏನೋ ಎಚ್ಚರಿಕೆ ಕೊಟ್ಟಿದ್ದರು. ಆತ ನಮ್ಮ ಮನೆಗೆ ಸರ್ಕಾರದ ಗುಟ್ಟಿನ ಕಾಗದ ಬರುತ್ತದೆಂದು ನಂಬಿಕೊಂಡಿದ್ದ. ಬರೆದವರು ಯಾರು, ಏನು ಎಂದು ಅವರು ಒಂದು ದಿನವೂ ಕೇಳಲಿಲ್ಲ. ತಡವಾಗುತ್ತಿದೆ ಅನ್ನಿಸಿದರೆ ಮಾತ್ರ, “ಗಾಡಿ ಲೇಟಾಗ್ತಿದೆ ಮೇಡಂ,” ಎನ್ನುವರು.

ಕೆಲವು ವರ್ಷಗಳ ನಂತರ ಅಂಥದ್ದೇ ಒಂದು ಕವರು ಬಂತು. ಮೊದಲ ಪುಟ ಓದುತ್ತಿದ್ದ ಹಾಗೇ ಎದೆ ಹಗುರಾಯಿತು. ಅದೇ ಧಾಟಿ, ನೋಡಿದ್ದನ್ನು ನೋಡಿದ ಹಾಗೆ. ಈಗ ಇಂಗ್ಲಿಷು ತಡವರಿಸುತ್ತಿರಲಿಲ್ಲ, ಸರಾಗವಾಗಿ ನಡೆಯುತ್ತಿತ್ತು. ಮುಂದೆ ಓದಬೇಕೆಂಬ ಆಸೆ ಬಹಳವಿತ್ತು. ಓದಲಿಲ್ಲ. ಬರೆದವರು ಯಾರೆಂದು ಗೊತ್ತಾಗಿದೆ, ಅವರು ನಮ್ಮ ಮನೆಗೆ ಬಂದು ಹೋಗುವ ಸ್ನೇಹಿತರು ಎಂದು ಒಂದು ಸಾಲು ಬರೆದು ಅಂದೇ ವಾಪಸ್ ಕಳಿಸಿದೆ. ಆ ಲೇಖನ ಅಚ್ಚಾಗಿ ಬಂದ ಮೇಲೆ ನಾನು ಓದಿದ್ದು ಬೇಲೂರು ಬಸ್ ಸ್ಟ್ಯಾಂಡಿನಲ್ಲಿ. ಆಗ ಮೇಷ್ಟ್ರಿಗೆ ಬೇಲೂರಿಗೆ ವರ್ಗವಾಗಿತ್ತು. ಅವರ ಸ್ಕೂಲಿನ ಮಕ್ಕಳಿಗೆ ಹುಳುಗಳ ಬಗ್ಗೆ ಹೇಳಿ ಬರಲು ಹೋಗಿದ್ದೆ. ಬಸ್ಸಿಗೆ ಕಾಯುತ್ತಾ, ಕಡಲೆಕಾಯಿ ತಿನ್ನುತ್ತಾ, ತಪ್ಪು ಹುಡುಕುವ ಕೆಲಸವಿಲ್ಲದೆ ಬರೀ ಓದುವವಳಾಗಿ ಓದಿದೆ. ಎರಡು ಬಸ್ಸು ಬಿಟ್ಟೆ.

ಮೇಷ್ಟ್ರು ನಿವೃತ್ತರಾಗಿ ಬಿಕ್ಕೋಡಿಗೆ ಮರಳಿದ ಮೇಲೆ, ಪತ್ರಿಕೆಯೂ ನಿಂತುಹೋಯಿತು. ಹಳೆಯ ಸಂಪಾದಕರಿಗೆ ಬರೆದು ಕೇಳಿದೆ, ರೆಫರಿ ನಾನೇ ಎಂದು ಮೇಷ್ಟ್ರಿಗೆ ಈಗ ಹೇಳಬಹುದೇ ಎಂದು. ಹೇಳಿ, ಇನ್ನು ನನ್ನ ಅಡ್ಡಿಯಿಲ್ಲ ಎಂದರು. ಆ ಹೊತ್ತಿಗೆ ಎಲ್ಲರ ಕೈಗೂ ಮೊಬೈಲು ಬಂದಿತ್ತು. ಒಂದು ಬೆಳಿಗ್ಗೆ ಧೈರ್ಯ ಮಾಡಿ ಫೋನು ಮಾಡಿದೆ.

“ಮೇಷ್ಟ್ರೇ, ನಿಮ್ಮ ಹುಲಿಕೆರೆ ಲೇಖನ ಓದಿದ ರೆಫರಿ…”

“ನೀವು. ಗೊತ್ತು ಮೇಡಂ.”

“ಯಾವಾಗಿಂದ?”

“ರಿಪೋರ್ಟು ಬಂದ ದಿವಸದಿಂದ. ನೀರು ಜಿನುಗೋ ಮೂಲೆ ಐತಾ ಅಂತ ಕೇಳಿದ್ರಲ್ಲ. ನನ್ನ ಲೇಖನದಲ್ಲಿ ಮೂಲೆ ಸುದ್ದೀನೇ ಇರಲಿಲ್ಲ! ಆ ಮೂಲೆ ನೋಡಿದೋರು ನೀವು, ನಿಮ್ಮೆಜಮಾನ್ರು. ಅವರು ಇಂಗ್ಲಿಷಲ್ಲಿ ಪೊರೆ ವಿಷಯ ಬರೆಯೋರಲ್ಲ.”

“ಮತ್ತೆ ಇಷ್ಟು ವರ್ಷ ಯಾಕೆ ಕೇಳಲಿಲ್ಲ?”

“ಕೇಳಿದ್ರೆ ನೀವು ಸುಳ್ಳು ಹೇಳಬೇಕಾಗ್ತಿತ್ತು. ನಿಮಗೆ ಅದು ಬರಲ್ಲ ಅಂತ ಅವತ್ತು ಕೊಳದ ಹತ್ರಾನೇ ನೋಡಿದ್ನಲ್ಲ.” ಅವರ ನಗು ಫೋನಿನಿಂದ ಹೊರಗೂ ಕೇಳಿಸುತ್ತಿತ್ತು. ನಮ್ಮವರು ಪಕ್ಕದಲ್ಲಿ ನಿಂತು ತಾವೂ ನಗತೊಡಗಿದ್ದರು. ಮೂವರೂ ಒಬ್ಬರಿಗೊಬ್ಬರು ಗುಟ್ಟು ಕಾಯುತ್ತಾ ಇಷ್ಟು ಕಾಲ ಎದುರು ಬದುರು ಕೂತು ಹರಟೆ ಹೊಡೆದಿದ್ದೆವು.

ನಗು ನಿಂತ ಮೇಲೆ ಮೇಷ್ಟ್ರು ದನಿ ತಗ್ಗಿಸಿದರು. “ಮೇಡಂ, ಇಲ್ಲಿ ತೋಟದ ಹಳ್ಳದಲ್ಲಿ ಇನ್ನೊಂದು ಬಗೆ ಬಂದೈತೆ. ನಾನು ಯಾವತ್ತೂ ನೋಡಿಲ್ಲ. ಭಾನುವಾರ ಬನ್ನಿ, ಯಜಮಾನ್ರನ್ನೂ ಕರ್ಕೊಂಡು. ಇನ್ನೂ ಏನೂ ಬರೆದಿಲ್ಲ, ಎಲ್ಲೂ ಕಳಿಸಿಲ್ಲ. ಧೈರ್ಯವಾಗಿ ಬಂದು ನೋಡಬಹುದು.”

ನಮ್ಮವರು ಆಗಲೇ ಬೇಲೂರು ಕಡೆಯ ಬಸ್ಸಿನ ವೇಳೆ ನೆನಪು ಮಾಡಿಕೊಳ್ಳುತ್ತಿದ್ದರು.